ಸುಳಿವು ಕೊಡದ ಕೈ

"ಎಡಗೈ," ಎಂದಳು ಜಯಮಾಲಾ.

ಯಾರಿಗೂ ಕೇಳಲೆಂದು ಆಡಿದ ಮಾತಲ್ಲ. ಶಾಲೆಯ ಪಡಸಾಲೆಯ ಮೆಟ್ಟಿಲ ಮೇಲೆ ಕೂತು ಒಂಬತ್ತನೆಯ ತರಗತಿಯ ಕನ್ನಡ ನೋಟುಬುಕ್ಕು ತಿದ್ದುತ್ತಿದ್ದಳು. ಕಣ್ಣು ಆಗಾಗ ಅಂಗಳಕ್ಕೆ ಹೋಗಿ ಬರುತ್ತಿತ್ತು. ಆ ಮಾತು ಬಾಯಿಂದ ಬಿದ್ದ ಮೇಲೆಯೇ, ಕನ್ನೊಳ್ಳಿಯಿಂದ ಬರುವ ಎತ್ತರದ ಹುಡುಗಿಯ ಎಡಗೈ ಮುಂದೆ ಬಂದು, ಅಲ್ಮಾಸ ಎದೆಗೆ ಹಿಡಿದಿದ್ದ ಹತ್ತಿಯ ದಿಂಬಿಗೆ ಧಪ್ಪೆಂದು ಬಡಿಯಿತು.

ಅಲ್ಮಾಸ ದಿಂಬು ಇಳಿಸಿ ತಿರುಗಿ ನೋಡಿದಳು. "ಅಕ್ಕೋರ, ಈಗೇನಂದ್ರಿ?"

"ಏನಿಲ್ಲ. ನಿನ್ನ ಕ್ಲಾಸ್ ನೀ ನಡಸು."

"ಇಲ್ರಿ, ಅಂದ್ರಿ ನೀವು. ಇನ್ನೊಮ್ಮೆ ನೋಡೂಣು." ಹುಡುಗಿಯ ಕಿವಿಯಲ್ಲಿ ಏನೋ ಪಿಸುಗುಟ್ಟಿ ಮತ್ತೆ ದಿಂಬು ಎತ್ತಿದಳು. "ಈಗ ಹೇಳ್ರಿ, ಯಾವ ಕೈ ಬರ್ತೈತಿ?"

ಜಯಮಾಲಾ ಕೆಂಪು ಪೆನ್ನು ಹಿಡಿದುಕೊಂಡೇ ನೋಡಿದಳು. ಹುಡುಗಿಯ ಬಲಭುಜ ಕೂದಲೆಳೆಯಷ್ಟು ಮೇಲೆದ್ದಿತು. ಆದರೆ ಹಿಮ್ಮಡಿ ನೆಲ ಬಿಡಲಿಲ್ಲ.

"ಯಾವುದೂ ಬರೂದಿಲ್ಲ. ಬರೇ ಹೆದರಸಾಕತ್ತಾಳ."

ಹುಡುಗಿ ನಾಚಿ ಕೈ ಇಳಿಬಿಟ್ಟಳು. ಸಾಲಿನಲ್ಲಿ ನಿಂತವರೆಲ್ಲ ಹೋ ಎಂದರು. "ಅಕ್ಕೋರಿಗೆ ಮಂತ್ರಾ ಬರ್ತೈತಿ ಬೇ!" ಎಂದಳು ಒಬ್ಬಳು. "ಪರೀಕ್ಷಾದಾಗ ಚೀಟಿ ಹೆಂಗ ಹಿಡಿತಾರ ಅಂತ ಈಗ ಗೊತ್ತಾತು ನೋಡು," ಎಂದಳು ಇನ್ನೊಬ್ಬಳು.

ಅಲ್ಮಾಸ ನಗಲಿಲ್ಲ. ಮತ್ತೆ ನಾಲ್ಕು ಹುಡುಗಿಯರನ್ನು ಒಬ್ಬೊಬ್ಬರಾಗಿ ಕರೆದು ನಿಲ್ಲಿಸಿದಳು. ಜಯಮಾಲಾ ಒಮ್ಮೆಯೂ ತಪ್ಪಲಿಲ್ಲ.

ಅಲ್ಮಾಸ ಸಿಂದಗಿಯವಳೇ. ಇಪ್ಪತ್ತನಾಲ್ಕು ವರ್ಷ, ಕರಾಟೆಯಲ್ಲಿ ಕಪ್ಪು ಬೆಲ್ಟು. ತಂದೆ ಗೈಬುಸಾಬನದು ಗಾದಿ ಹೊಲಿಯುವ ಅಂಗಡಿ. ಅಲ್ಲಿ ಉಳಿದ ಹತ್ತಿ ತುಂಬಿ, ಗಾದಿಯ ಪಟ್ಟೆಪಟ್ಟೆ ಬಟ್ಟೆಯಲ್ಲೇ ಆ ದಿಂಬು ಹೊಲಿದುಕೊಂಡು ಬಂದಿದ್ದಳು. ಒಂಬತ್ತು ಮತ್ತು ಹತ್ತನೆಯ ತರಗತಿಯ ಹುಡುಗಿಯರಿಗೆ ಮೂವತ್ತು ದಿನ ಆತ್ಮರಕ್ಷಣೆ ಕಲಿಸಲು ಶಾಲೆಗೆ ಅವಳನ್ನು ಕರೆಸಿದ್ದರು. ಜಯಮಾಲಾ ಅಲ್ಲಿ ಅತಿಥಿ ಶಿಕ್ಷಕಿ. ಹೆಡ್‌ಮಾಸ್ತರ ರೇವಪ್ಪನವರು, "ಹೆಣ್ಣಹುಡುಗ್ಯಾರ ಕ್ಲಾಸ್ ಐತ್ರಿ, ಒಬ್ರು ಹಿರೇ ಹೆಣ್ಮಗಳು ಕುಂತ್ರ ಚಲೋ," ಎಂದು ಅವಳಿಗೆ ಒಪ್ಪಿಸಿದ್ದರು. ಉಳಿದವರು ಈ ಕೆಲಸಕ್ಕೆ ಮುಖ ಸಿಂಡರಿಸಿದ್ದರು. ಅವಳಿಗೆ ಒಳಗೊಳಗೇ ಸಮಾಧಾನವಾಗಿತ್ತು. ಮನೆ ಮುಟ್ಟುವುದು ಒಂದು ಗಂಟೆ ತಡವಾಗುತ್ತಿತ್ತು.

ಹುಡುಗಿಯರು ಬ್ಯಾಗು ಹೆಗಲಿಗೇರಿಸಿ ಗೇಟಿನ ಕಡೆ ಹೋದ ಮೇಲೆ ಅಲ್ಮಾಸ ಬಂದು ಒಂದು ಮೆಟ್ಟಿಲು ಕೆಳಗೆ ಕೂತಳು.

"ಮೊದಲ ಎಲ್ಲೆರ ಕಲ್ತೀರೇನ್ರಿ ಅಕ್ಕೋರ?"

"ಇಲ್ಲ."

"ನಾ ಆರು ವರ್ಷ ಕಲ್ತ ಮ್ಯಾಲ ನನಗ ಇಷ್ಟ ಕಾಣಸಾಕ ಹತ್ತೇತಿ. ನಿಮಗ ಹೆಂಗ?"

"ಕೈಗಿಂತ ಮೊದಲ ಭುಜ ಹೇಳ್ತೈತಿ. ಕೆಲವೊಬ್ರದು ಗದ್ದ. ಕೆಲವೊಬ್ರು ಉಸಿರ ಹಿಡಿತಾರ." ಜಯಮಾಲಾ ಪೆನ್ನಿನ ಮುಚ್ಚಳ ಹಾಕಿದಳು. ಹಾಕಿದ್ದನ್ನು ತೆಗೆದು ಮತ್ತೆ ಹಾಕಿದಳು.

"ಅದ, ಎಲ್ಲಿ ಕಲ್ತ್ರಿ?"

"ಮನ್ಯಾಗ."

ಅಲ್ಮಾಸ ದಿಂಬಿನ ಹೊಲಿಗೆಯಿಂದ ಎದ್ದ ದಾರವೊಂದನ್ನು ಹಲ್ಲಿನಿಂದ ಕಡಿದು, ಅದನ್ನು ಬೆರಳಿಗೆ ಸುತ್ತಿಕೊಂಡಳು.

ಜಯಮಾಲಾಳ ಗಂಡ ಶ್ರೀಶೈಲನದು ಬಜಾರದಲ್ಲಿ ಬೀಜ-ಗೊಬ್ಬರದ ಅಂಗಡಿ. ಊರಿನಲ್ಲಿ ಜೋರು ಮಾತಿನವನಲ್ಲ. ಅಂಗಡಿಗೆ ಬಂದ ರೈತರಿಗೆ ಮೊದಲು ನೀರು, ಆಮೇಲೆ ಮಾತು. ಹದಿನೈದು ವರ್ಷದಿಂದ ಅವನ ಎಡಗಲ್ಲದಲ್ಲಿ ಸುಣ್ಣ ತಿಕ್ಕಿದ ತಂಬಾಕು ಇರುತ್ತಿತ್ತು. ಮನೆಯಲ್ಲಿ ಕೈ ಎತ್ತುವ ಮೊದಲು ಅವನು ಎದ್ದು ಬಚ್ಚಲಿಗೆ ಹೋಗಿ ಅದನ್ನು ಉಗುಳಿ, ಬಾಯಿ ಮುಕ್ಕಳಿಸಿ ಬರುತ್ತಿದ್ದ. ಬಾಯಿ ತುಂಬಿದ್ದರೆ ಬೈಯಲು ಆಗುತ್ತಿರಲಿಲ್ಲ, ಅಷ್ಟೇ. ಆದರೆ ಆ ಸಪ್ಪಳ ಕೇಳಿದ ಕೂಡಲೇ ಮನೆಗೆ ಮನೆಯೇ ಸಜ್ಜಾಗುತ್ತಿತ್ತು. ಅತ್ತೆ ಬಾಳಮ್ಮ ಜಪದ ಮಣಿ ಹಿಡಿದು ಹಿತ್ತಲಿಗೆ ಹೋಗುವಳು. ಮಗಳು ದಾನೇಶ್ವರಿ ತೆರೆದ ಪುಸ್ತಕಗಳನ್ನೆಲ್ಲ ಬ್ಯಾಗಿಗೆ ತುರುಕಿ ಜಿಪ್ಪು ಎಳೆಯುವಳು, ಹರಿಯಬಾರದೆಂದು. ಜಯಮಾಲಾ ಒಲೆ ಆರಿಸಿ, ಮಗಳನ್ನು ಒಳಕೋಣೆಗೆ ನೂಕಿ, ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುವಳು. ಇದಕ್ಕೆಲ್ಲ ಬೇಕಾದಷ್ಟು ಹೊತ್ತು ಆ ಮುಕ್ಕಳಿಕೆಯಲ್ಲಿ ಸಿಗುತ್ತಿತ್ತು. ಹಾಗಾಗಿ ಇಷ್ಟು ವರ್ಷದಲ್ಲಿ ದಾನಿಯ ಮೈಗೆ ಒಂದು ಏಟೂ ಬಿದ್ದಿರಲಿಲ್ಲ.

ಅದನ್ನು ಕೆಡಿಸಿದವಳು ಜಯಮಾಲಾಳೇ.

ಶ್ರಾವಣದಲ್ಲಿ ಮಠದ ಸ್ವಾಮಿಗಳು ಜೋಳಿಗೆ ಹಿಡಿದು ಓಣಿ ಓಣಿಗೆ ಬಂದಿದ್ದರು. ಕಾಳು ಬೇಡಲಿಕ್ಕಲ್ಲ. ನಿಮ್ಮ ನಿಮ್ಮ ಚಟಗಳನ್ನು ಇದರಲ್ಲಿ ಹಾಕಿರಿ ಎಂದು ಕೇಳಲಿಕ್ಕೆ. ಬೀಡಿ ಕಟ್ಟು, ಗುಟಕಾ ಚೀಟಿ, ಇಸ್ಪೀಟು ಎಲೆ ಎಲ್ಲ ಆ ಕಾವಿ ಬಟ್ಟೆಯೊಳಗೆ ಬೀಳುತ್ತಿದ್ದವು. ಹೊಸ್ತಿಲಲ್ಲಿ ನಿಂತಿದ್ದ ಗಂಡನಿಗೆ ಜಯಮಾಲಾ ಹಿಂದಿನಿಂದ ಮೆಲ್ಲಗೆ ಹೇಳಿದಳು: "ಹಾಕ್ರಿ. ದಾನಿ ಸಲುವಾಗೆರ ಹಾಕ್ರಿ." ಒಂದು ಚಟ ಬಿಟ್ಟವನು ಇನ್ನೊಂದನ್ನೂ ಬಿಟ್ಟಾನು ಎಂದು ಅವಳ ಲೆಕ್ಕ. ಶ್ರೀಶೈಲ ಒಂದು ಗಳಿಗೆ ಯೋಚಿಸಿ, ಜೇಬಿನಿಂದ ತಂಬಾಕಿನ ಡಬ್ಬಿ ತೆಗೆದು ಹಣೆಗೊತ್ತಿಕೊಂಡು ಜೋಳಿಗೆಗೆ ಹಾಕಿದ. ಓಣಿಯವರು ಚಪ್ಪಾಳೆ ತಟ್ಟಿದರು. ಯಾರೋ ಫೋಟೋ ತೆಗೆದರು. ಅವನು ಮಾತಿಗೆ ನಿಂತ. ಅಂದಿನಿಂದ ತಂಬಾಕು ಮುಟ್ಟಲಿಲ್ಲ.

ಎಂಟು ದಿನವಾಗಿರಲಿಲ್ಲ. ಊಟಕ್ಕೆ ಕೂತವನು, ಪಲ್ಯಕ್ಕೆ ಉಪ್ಪು ಹೆಚ್ಚಾಗಿದೆ ಎಂದು ಮೆತ್ತಗೆ ಅಂದವನು, ಕೂತಲ್ಲಿಂದಲೇ ತಾಟು ಎತ್ತಿ ಅವಳ ಮುಖಕ್ಕೆ ಬಡಿದ. ಬಾಯಿ ಮುಕ್ಕಳಿಸಲು ಏಳಲಿಲ್ಲ, ಭುಜ ಎತ್ತಲಿಲ್ಲ, ದನಿ ಏರಿಸಲಿಲ್ಲ. ಅಂದು ರಾತ್ರಿ ಹಾಸಿಗೆ ಹಾಸುವಾಗ ದಾನಿ ಅವಳ ಹತ್ತಿರ ಬಂದು ಕೇಳಿದಳು:

"ಮಮ್ಮಿ, ಇನ್ನ ಮ್ಯಾಲ ನಮಗ ಹೆಂಗ ಗೊತ್ತಾಗಬೇಕು?"

ಹದಿಮೂರು ವರ್ಷದ ಹುಡುಗಿ ಅಂದಿನಿಂದ ಗೋಡೆಗೆ ಬೆನ್ನು ಹಚ್ಚಿಯೇ ಕೂಡತೊಡಗಿದಳು. ತಲೆ ಬಾಚುವಾಗಲೂ, ಹೋಮ್‌ವರ್ಕ್ ಬರೆಯುವಾಗಲೂ. ಆದರೂ ತಪ್ಪಲಿಲ್ಲ. ಮತ್ತೊಂದು ವಾರಕ್ಕೆ, ಟಿ.ವಿ. ನೋಡುತ್ತ ನಗುತ್ತಿದ್ದ ಅಪ್ಪ, ಮುಂದೆ ಹಾದು ಹೋದ ಮಗಳ ಎಡಗಿವಿಯ ಮೇಲೆ ಅಂಗೈ ಬೀಸಿದ. ಅಡ್ಡ ಬಂದಳಂತೆ.

"ಸೈಕಲ್ ಮ್ಯಾಲಿಂದ ಬಿದ್ದಾಳ್ರಿ," ಎಂದು ಜಯಮಾಲಾ ಡಾಕ್ಟರಿಗೆ ಹೇಳಿದಳು. ಡಾಕ್ಟರು ದಾನಿಯ ಮೊಣಕಾಲು, ಮೊಣಕೈಗಳನ್ನು ಒಮ್ಮೆ ನೋಡಿದರು. ಎಲ್ಲಿಯೂ ತರಚಿರಲಿಲ್ಲ. ಕಿವಿಯ ತಮಟೆ ಹರಿದಿದೆ, ನೀರು ತಾಗಿಸದೆ, ಗಾಳಿ ಬಿಡದೆ ನೋಡಿಕೊಂಡರೆ ಎರಡು ತಿಂಗಳಲ್ಲಿ ತಾನೇ ಕೂಡಿಕೊಳ್ಳುತ್ತದೆ ಎಂದರು. ಅರಳೆ ಇಡುತ್ತ, ಅವಳ ಮುಖ ನೋಡದೆ, ಇನ್ನೊಂದು ಮಾತು ಸೇರಿಸಿದರು: "ಇನ್ನೊಂದು ಸಲ 'ಸೈಕಲ್ ಮ್ಯಾಲಿಂದ ಬಿದ್ಲು' ಅಂದ್ರ ಈ ಕಿವಿ ಆಸೆ ಬಿಡ್ರಿ."

ಮೋರಟಗಿಯಲ್ಲಿರುವ ಅಣ್ಣ ಗುರಪ್ಪನಿಗೆ ಫೋನು ಮಾಡಿದಳು. ಅವನು ಎಲ್ಲ ಕೇಳಿಸಿಕೊಂಡ. "ಸ್ವಾಮಿಗಳ ಮುಂದ ಚಟಾ ಬಿಟ್ಟಾನ. ಅಂಥಾ ಮನಷ್ಯಾ ಹಾದಿಗೆ ಬರಾಕತ್ತಾನ, ನೀ ಈಗ ಕಿರಿಕಿರಿ ತಗೀಬ್ಯಾಡ ತಂಗಿ," ಎಂದ.

ಮರುದಿನ ತರಬೇತಿ ಮುಗಿದು ಹುಡುಗಿಯರು ಹೋದ ಮೇಲೆ ಜಯಮಾಲಾ ನೋಟುಬುಕ್ಕುಗಳನ್ನು ಬದಿಗಿಟ್ಟು ಅಂಗಳಕ್ಕೆ ಇಳಿದಳು. "ಅಲ್ಮಾಸ, ನನಗೂ ಕಲಸು."

"ಕಲಸ್ತೇನಿ. ಆದ್ರ ಹೊಡದ ಮ್ಯಾಲ ಏನು, ಅಕ್ಕೋರ? ಗಂಡಸು ಎದ್ದ ನಿಲ್ತಾನಲ್ಲ. ಹೋಗಾಕ ಜಾಗಾ ಐತೇನ್ರಿ?"

"ಮುದ್ದೇಬಿಹಾಳದಾಗ ಗೆಳತಿ ಅದಾಳ, ರಾಜೇಶ್ವರಿ. ನರ್ಸ್. ಒಬ್ಬಾಕಿನ ಇರ್ತಾಳ. ಯಾವಾಗರ ಬಾ ಅಂದಾಳ."

"ಮತ್ತ ಸುಮ್ನ ಹೋಗಿಬಿಡ್ರೆಲಾ!"

"ಹೋದ ವರ್ಷ ಹೊಂಟಿದ್ದೆ. ಅತ್ತಿ ಅಂಗಡಿಗೆ ಫೋನ್ ಮಾಡಿದ್ರು. ಇವರು ಬಸ್ ಸ್ಟ್ಯಾಂಡಿಗೆ ಬಂದ್ರು. ಎಲ್ಲಾರ ಮುಂದ ದಾನಿಗೆ ಐಸ್‌ಕ್ರೀಮ್ ಕೊಡಿಸಿ, ನಗ್ಸಿಕೋತ ಗಾಡಿ ಮ್ಯಾಲ ಕುಂದರ್ಸಿಕೊಂಡ ಬಂದ್ರು." ಅವಳು ಚಪ್ಪಲಿ ಕಳಚಿ ಬದಿಗಿಟ್ಟಳು. "ನನಗ ಗೆಲ್ಲೂದು ಬ್ಯಾಡ. ಮಗಳ ಕಿವಿಗೆ ಇವರ ಕೈ ಬರೂ ಮೊದಲ ನನ್ನ ಕೈ ಹೋಗಬೇಕು. ಒಂದ ಸಲ. ಆಕಿನ್ನ ಬಾಗಲದ ಹೊರಗ ತರೂವಷ್ಟ ಹೊತ್ತ ಸಿಕ್ರ ಸಾಕು."

ಅಲ್ಮಾಸ ದಿಂಬು ಎತ್ತಿದಳು. "ಹೊಡೀರಿ."

ಜಯಮಾಲಾ ಎಡಗೈಯಿಂದ ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿದಳು. ಬಲಗೈ ಹಿಂದಕ್ಕೆ ತಂದಳು. ಅಷ್ಟರಲ್ಲಿ ಅಲ್ಮಾಸ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಂತಾಗಿತ್ತು.

"ಕೈ ಬರೂಕಿಂತ ಮೊದಲ ನಿಮ್ಮ ಸೆರಗು ಟಪಾಲ ಕಳಸ್ತೈತ್ರಿ," ಎಂದಳು. ನೀರು ಸೇದುವಾಗ, ಜೋಳ ಹಸನು ಮಾಡುವಾಗ, ಯಾವ ಗಟ್ಟಿ ಕೆಲಸಕ್ಕೂ ಮೊದಲು ಸೆರಗು ಸಿಕ್ಕಿಸುವ ಕೈ ಅದು, ತಡೆದರೂ ನಿಲ್ಲುತ್ತಿರಲಿಲ್ಲ. ಮೂರು ದಿನ ಬರೀ ಅದಕ್ಕೇ ಹೋಯಿತು. ಸೆರಗಿಗೆ ಪಿನ್ನು ಚುಚ್ಚಿಸಿ ನಿಲ್ಲಿಸಿದರೆ ಕೈ ಪಿನ್ನನ್ನು ಹುಡುಕುತ್ತಿತ್ತು.

ಅದು ನಿಂತ ಮೇಲೆ ಬೇರೆ ಕಂಡಿತು. ಹೊಡೆಯುವ ಮುನ್ನ ಅವಳು ಕೆಳತುಟಿ ಕಚ್ಚುತ್ತಿದ್ದಳು. ಹುಬ್ಬು ಕೂಡುತ್ತಿತ್ತು. ಕೈ ಒಂದು ಗೇಣು ಹಿಂದೆ ಹೋಗಿಯೇ ಮುಂದೆ ಬರುತ್ತಿತ್ತು.

"ಹಿಂದ ಒಯ್ಯಬ್ಯಾಡ್ರಿ. ಕೈ ಎಲ್ಲಿರ್ತೈತೋ ಅಲ್ಲಿಂದನ ಹೋಗಬೇಕು. ಮೊದಲ ಕೈ, ಅದರ ಹಿಂದ ಮೊಣಕೈ, ಭುಜ ಎಲ್ಲಾರಕಿಂತ ಕಡೀಕ. ಭುಜಕ್ಕ ಗೊತ್ತಾಗೂದ್ರಾಗ ಕೆಲಸ ಮುಗದಿರಬೇಕು."

ಸುಲಭವಾಗಲೆಂದು ರೊಟ್ಟಿ ಬಡಿಯುವುದನ್ನು ನೆನೆಸಿಕೊಳ್ಳಿರಿ ಎಂದಳು ಒಂದು ದಿನ. ರೊಟ್ಟಿ ಬಡಿಯುವ ಕೈ ಹಿಂದೆ ಹೋಗುವುದಿಲ್ಲ. ಜಯಮಾಲಾ ನೆನೆಸಿಕೊಂಡಳು, ಕೈ ಹಗುರಾಯಿತು, ಎರಡು ಏಟು ಚೆನ್ನಾಗಿ ಬಿದ್ದವು. ಮೂರನೆಯದನ್ನು ಅಲ್ಮಾಸ ನಡುದಾರಿಯಲ್ಲೇ ಹಿಡಿದುಬಿಟ್ಟಳು. "ರೊಟ್ಟಿಗೆ ತಾಳ ಇರ್ತೈತ್ರಿ. ನಾ ಮರ್ತಿದ್ದೆ. ಮೂರನೇದು ಯಾವಾಗ ಬರ್ತೈತಿ ಅನ್ನೂದು ನಮ್ಮ ಓಣಿ ಬೆಕ್ಕಿಗೂ ಗೊತ್ತಾಗ್ತೈತಿ."

ಇಬ್ಬರೂ ನಕ್ಕರು. ನಗುವಾಗ ಜಯಮಾಲಾಳಿಗೆ ಗಂಟೆ ನೆನಪಾಗಿ ಗೇಟಿನ ಕಡೆ ನೋಡಿದಳು. ಮನೆಗೆ ದಾನಿ ಬಂದಿರುತ್ತಾಳೆ. ಅವನು ಅಂಗಡಿಯಿಂದ ಚಹಾಕ್ಕೆ ಬರುವ ಹೊತ್ತು.

"ಅಕ್ಕೋರ, ಸಿಟ್ಟ ಮಾಡ್ಕೋಬ್ಯಾಡ್ರಿ," ಎಂದಳು ಅಲ್ಮಾಸ. "ಹೊಡಿಯೂ ಮೊದಲ ನಿಮ್ಮ ಮಾರಿ ಮಾಫಿ ಕೇಳ್ತೈತಿ. ಅದು ಎಲ್ಲಾಕಿಂತ ಮೊದಲ ಕಾಣಸ್ತೈತಿ."

ಜಯಮಾಲಾಳಿಗೆ ಸಿಟ್ಟು ಬರಲಿಲ್ಲ. ಮನೆಗೆ ಹೋಗಿ ಸ್ನಾನದ ಮನೆಯ ಕನ್ನಡಿಯಲ್ಲಿ ನೋಡಿಕೊಂಡಳು. ಏನೂ ತಪ್ಪು ಮಾಡದ ಹೊತ್ತಿನಲ್ಲೂ ಆ ಮುಖ ಯಾರನ್ನೋ ಕ್ಷಮೆ ಕೇಳುತ್ತಿದ್ದಂತೆ ಇತ್ತು. ಅದನ್ನು ಒರೆಸಿ ಹಾಕುವುದು ಹೇಗೆಂದು ತಿಳಿಯಲಿಲ್ಲ.

ದಾರಿ ಸಿಕ್ಕದ್ದು ಹಾಜರಿಯಲ್ಲಿ. ಒಂದು ಸಂಜೆ ಅಲ್ಮಾಸ ಬೇಗ ಬಂದು ತರಗತಿಯ ಕಿಟಕಿಯಲ್ಲಿ ನಿಂತಿದ್ದಳು. ಪಾಠ ಹೇಳುವಾಗ ಜಯಮಾಲಾಳ ಎರಡೂ ಕೈ ಎದೆಯ ಎತ್ತರದಲ್ಲಿ, ಅಂಗೈ ತೆರೆದು, ಮಾತಿನ ಜೊತೆ ತಾವೇ ಆಡುತ್ತಿದ್ದವು. ಮುಖದಲ್ಲಿ ಆ ಕ್ಷಮೆ ಇರಲಿಲ್ಲ.

"ಅಲ್ಲಿಂದ ಹೊಡೀರಿ," ಎಂದಳು ಅಂಗಳಕ್ಕೆ ಇಳಿದ ಮೇಲೆ. "ಸುಮ್ನ ಹಾಜರಿ ಕೂಗಕೋತ ನಿಲ್ರಿ. ಹೆಸರ ಮುಗದ ಮ್ಯಾಲ ಬ್ಯಾಡ. ಹೆಸರಿನ ನಟ್ಟನಡುವ."

"ಸುಲ್ತಾನಬಿ... ಭಾಗ್ಯಶ್ರೀ... ಸೈದಾಬಿ... ರೇಣು—"

ದಿಂಬು ಅಲ್ಮಾಸಳ ಗದ್ದಕ್ಕೆ ಬಡಿದು ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಗದ್ದ ಸವರಿಕೊಳ್ಳುತ್ತ ನಿಂತಳು. ಆಮೇಲೆ ಮೆಲ್ಲಗೆ, "ರೇಣುಕಾ ಪಾಪ, ಅರ್ಧಾ ಹಾಜರ," ಎಂದಳು.

ಜಯಮಾಲಾ ತನ್ನ ಕೈ ನೋಡಿಕೊಂಡಳು. ಅದು ಆಗಲೇ ಹಿಂದಿನ ಜಾಗಕ್ಕೆ ಬಂದು, ಅಂಗೈ ತೆರೆದು ನಿಂತಿತ್ತು. ಅದು ಹೋದದ್ದು ಅವಳಿಗೂ ಗೊತ್ತಾಗಿರಲಿಲ್ಲ.

ತರಬೇತಿಯ ಮೂವತ್ತು ದಿನಕ್ಕೆ ಇನ್ನು ಎರಡು ದಿನ ಉಳಿದಿದ್ದವು. ನಡುವೆ ಭಾನುವಾರ ಬಂತು.

ಮಧ್ಯಾಹ್ನ ಒಂದು ಗಂಟೆ. ಅಂಗಡಿಗೆ ರಜೆ. ಶ್ರೀಶೈಲ ಸ್ನಾನ ಮುಗಿಸಿ, ಗುಡಿಗೆ ಹೋಗಿ ಬಂದು, ಬಿಳಿ ಬನಿಯನ್, ಲುಂಗಿಯಲ್ಲಿ ಖುರ್ಚಿಯ ಮೇಲೆ ಕೂತು ಪೇಪರು ಓದುತ್ತಿದ್ದ. ಹಣೆಯ ಮೇಲೆ ವಿಭೂತಿ ಇನ್ನೂ ಹಸಿಯಾಗಿತ್ತು. ಬಾಳಮ್ಮ ಅವನಿಂದ ಎರಡು ಮಾರು ದೂರ ಮೊರ ಇಟ್ಟುಕೊಂಡು ತೊಗರಿಬೇಳೆಯಲ್ಲಿ ಹರಳು ಆರಿಸುತ್ತಿದ್ದಳು. ದಾನಿ ಪಕ್ಕದ ಗೋಡೆಗೆ ಬೆನ್ನು ಹಚ್ಚಿ ನಕಾಶೆಗೆ ಬಣ್ಣ ತುಂಬುತ್ತಿದ್ದಳು. ಎಡಗಿವಿಯಲ್ಲಿ ಬಿಳಿ ಅರಳೆ.

"ದಾನೇಶ್ವರಿ, ನೀರ ತಾರವ್ವ," ಎಂದ ಶ್ರೀಶೈಲ.

ಅವನು ಇದ್ದದ್ದು ಅವಳ ಎಡಕ್ಕೆ. ಅವಳು ನದಿಯೊಂದಕ್ಕೆ ನೀಲಿ ಬಳಿಯುತ್ತಲೇ ಇದ್ದಳು.

ಅಡುಗೆಮನೆಯಲ್ಲಿದ್ದ ಜಯಮಾಲಾ ಒಲೆ ಸಣ್ಣ ಮಾಡಿದಳು.

"ದಾನೇಶ್ವರಿ," ಎಂದ ಅವನು ಇನ್ನೂ ಮೆತ್ತಗೆ. ಪೇಪರನ್ನು ಮಡಿಕೆ ತಪ್ಪದಂತೆ ಮಡಿಚಿ ಇಟ್ಟ. ಎದ್ದ. ಮುಖದಲ್ಲಿ ಸಣ್ಣ ನಗುವೇ ಇತ್ತು, ಅಂಗಡಿಯಲ್ಲಿ ಗಿರಾಕಿಗೆ ಬೀಜದ ಚೀಲ ತೋರಿಸಲು ಏಳುವಾಗ ಇರುವಂಥದ್ದು.

ಜಯಮಾಲಾ ನಡುವೆ ಬಂದು ನಿಂತಳು. ಎರಡೂ ಕೈ ಎದೆಯ ಎತ್ತರದಲ್ಲಿ, ಅಂಗೈ ತೆರೆದು. ತರಗತಿಯಲ್ಲಿ ನಿಂತ ಹಾಗೆ.

"ಕೇಳ್ರಿ ಇಲ್ಲಿ. ಆಕಿಗೆ ಆ ಬಾಜೂ ಕೇಳಸೂದಿಲ್ಲ. ಬೇಕಂತ ಮಾಡಿಲ್ಲಾಕಿ. ನಾ ತಂದ ಕೊಡ್ತೇನಿ ನೀರ."

"ಸರಿ," ಎಂದ ಅವನು. "ಆ ಕಡೆ ಸರಿ."

ಅವಳು ಅವನ ಭುಜ ನೋಡಿದಳು. ಏನೂ ಇರಲಿಲ್ಲ. ಗದ್ದ ನೋಡಿದಳು, ಉಸಿರು ನೋಡಿದಳು, ಹಿಮ್ಮಡಿ ನೋಡಿದಳು. ಹದಿನೈದು ವರ್ಷ ಓದಿಕೊಂಡು ಬಂದ ಪುಸ್ತಕದ ಹಾಳೆಗಳೆಲ್ಲ ಖಾಲಿಯಾಗಿದ್ದವು. ಅವನ ಕಣ್ಣು ಮಾತ್ರ ಅವಳ ಹೆಗಲ ಮೇಲಿಂದ ಹಾದು ಹಿಂದೆ, ಕೆಳಗೆ, ಬಿಳಿ ಅರಳೆಯ ಮೇಲೆ ನಿಂತಿತ್ತು.

"ಡಾಕ್ಟರು ಹೇಳ್ಯಾರ್ರಿ, ಇನ್ನೊಂದ ಸಲ ಪೆ—"

ಹಸಿ ಜೋಳದ ದಂಟು ಮುರಿದಂಥ ಸಪ್ಪಳ.

ಶ್ರೀಶೈಲ ನೆಲಕ್ಕೆ ಕೂತಿದ್ದ. ಮೂಗಿನಿಂದ ರಕ್ತ ತುಟಿಗೆ, ತುಟಿಯಿಂದ ಬನಿಯನ್ನಿಗೆ ಇಳಿಯುತ್ತಿತ್ತು. ಅವನು ಬಾಗಿಲ ಚೌಕಟ್ಟನ್ನು ನೋಡಿದ. ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದ. ಕೊನೆಗೆ ಅವಳ ಕೈ ನೋಡಿದ. ಅವು ಎದೆಯ ಎತ್ತರದಲ್ಲಿ, ಅಂಗೈ ತೆರೆದು, ಇದ್ದಲ್ಲೇ ಇದ್ದವು.

ಬಾಳಮ್ಮ ಮೊರದಿಂದ ತಲೆ ಎತ್ತಿದಳು. ಅವಳು ಅವರತ್ತಲೇ ಮುಖ ಮಾಡಿ ಕೂತಿದ್ದಳು. "ಯವ್ವಾ ನನ ಶಿವನೇ! ಏನಾತೋ ಶ್ರೀಶೈಲಾ? ಮೂಗಿನಾಗ ರಕ್ತ ಯಾಕ ಬಂತೋ? ನಾ ಹೇಳಲಿಲ್ಲೇನು, ಬಿಸಲಾಗ ಗುಡಿಗೆ ಹೋಗಬ್ಯಾಡಂತ? ಜಯಾ, ಉಳ್ಳಾಗಡ್ಡಿ ಕೊಯ್ದ ತಾರ, ಮೂಸಸೂಣು! ಹೆಂಗ ನಿಂತಾಳ ನೋಡು ಗೊಂಬಿ ನಿಂತಂಗ!"

ಶ್ರೀಶೈಲ ಏನೋ ಹೇಳಲು ಬಾಯಿ ತೆರೆದ. ತಾಯಿಯ ಕಡೆ ನೋಡಿ ಮುಚ್ಚಿದ.

ಜಯಮಾಲಾಳಿಗೆ ಬೇಕಾಗಿದ್ದ ಹೊತ್ತು ಸಿಕ್ಕಿತ್ತು. ರಕ್ತ ನಿಲ್ಲುವವರೆಗೆ. ಅಷ್ಟೇ ಹೊತ್ತು. ಅವಳು ತಿರುಗಿದಳು. ದಾನಿ ಎದ್ದು ನಿಂತಿದ್ದಳು, ಎರಡೂ ಅಂಗೈ ಕಿವಿಯ ಮೇಲೆ, ಕಣ್ಣು ಅಗಲವಾಗಿ. ಅಪ್ಪನಿಗೆ ಹೆದರಿದ್ದಾಳೆ ಎಂದುಕೊಂಡಳು.

"ಚಪ್ಪಲಿ ಮೆಟ್ಟು," ಎಂದಳು.

ಮೊಳೆಗೆ ತೂಗುಹಾಕಿದ್ದ ವ್ಯಾನಿಟಿ ಬ್ಯಾಗು ಕೈಗೆ ಸಿಕ್ಕಿತು. ಅದರಲ್ಲಿ ಫೋನು, ಇಬ್ಬರ ಆಧಾರ್ ಕಾರ್ಡು, ಕಿವಿಯ ಔಷಧದ ಸಣ್ಣ ಸೀಸೆ. ಬೇರೇನೂ ತೆಗೆದುಕೊಳ್ಳಲಿಲ್ಲ. ಒಲೆ ಉರಿಯುತ್ತಲೇ ಇತ್ತು. ಓಣಿಯ ತಿರುವಿನವರೆಗೂ ಬಾಳಮ್ಮನ ದನಿ ಹಿಂದೆ ಬಂತು, ಉಳ್ಳಾಗಡ್ಡಿ ಕೇಳುತ್ತ.

ನಿಲ್ದಾಣದಲ್ಲಿ ತಾಳಿಕೋಟೆ ಮೇಲೆ ಹೋಗುವ ಮುದ್ದೇಬಿಹಾಳದ ಬಸ್ಸು ನಿಂತಿತ್ತು. ಇನ್ನೂ ಹದಿನೈದು ನಿಮಿಷವಿದೆ ಎಂದರು. ಆ ಹದಿನೈದು ನಿಮಿಷ ಜಯಮಾಲಾ ಒಳಗೆ ಬಂದ ಪ್ರತಿ ಮೋಟಾರು ಸೈಕಲ್ಲನ್ನೂ ಎಣಿಸಿದಳು. ಶ್ರೀಶೈಲನದರಂಥದೇ ಕೆಂಪು ಬಣ್ಣದ ಒಂದು ಗಾಡಿ ಬಂದಾಗ ಅವಳ ಕೈ ತಾನಾಗಿ ಎದೆಯ ಎತ್ತರಕ್ಕೆ ಏರಿತು. ಇಳಿದವನು ಯಾವನೋ ಹಾಲಿನವನು.

ಬಸ್ಸು ಊರು ದಾಟಿದ ಮೇಲೆ ಕಂಡಕ್ಟರ್ ಬಂದ. "ಎಲ್ಲಿಗ್ರಿ?"

ಜಯಮಾಲಾ ಮಡಿಲಲ್ಲಿದ್ದ ಫೋನನ್ನೇ ನೋಡುತ್ತಿದ್ದಳು. ರಾಜೇಶ್ವರಿಗೆ ಮೂರು ಸಲ ಫೋನು ಮಾಡಿದ್ದಳು; ಎತ್ತಿರಲಿಲ್ಲ. ಡ್ಯೂಟಿಯಲ್ಲಿರಬಹುದು. ಇರಬಹುದು.

"ರೊಕ್ಕ ಕೊಡೂದೇನ ಇಲ್ರಿ ಬಾಯಾರ, ಬರೇ ಊರ ಹೇಳ್ರಿ," ಎಂದು ಕಂಡಕ್ಟರ್ ನಕ್ಕ. ಹೆಂಗಸರಿಗೆ ಟಿಕೆಟ್ ಪುಕ್ಕಟೆ.

"ಮುದ್ದೇಬಿಹಾಳ. ಎರಡು."

ಎರಡೂ ಬದಿ ತೊಗರಿ ಹೊಲಗಳು ಹಿಂದೆ ಓಡುತ್ತಿದ್ದವು. ದಾನಿ ಎಡಕ್ಕೆ, ಕಿಟಕಿಯ ಪಕ್ಕ ಕೂತಿದ್ದ ಕಾರಣ ಅವಳ ಒಳ್ಳೆಯ ಕಿವಿ ತಾಯಿಯ ಕಡೆಗಿತ್ತು. ಬಸ್ಸಿನ ವೇಗ ಹೆಚ್ಚಿದಂತೆ ಬಿಸಿಗಾಳಿ, ಧೂಳು ನೇರ ಒಳಗೆ ನುಗ್ಗತೊಡಗಿತು. ಎಡಗಿವಿಯ ಅರಳೆ ಅಂಚಿನಲ್ಲಿ ಎದ್ದು ಅಲುಗಾಡುತ್ತಿತ್ತು. ಗಾಳಿ ಬಿಡಬೇಡಿರಿ ಎಂದಿದ್ದರು ಡಾಕ್ಟರು. ಜಯಮಾಲಾ ಕಿಟಕಿಯ ಗಾಜು ಎಳೆಯಲೆಂದು ಬಲಗೈ ಚಾಚಿದಳು.

ದಾನಿ ಎರಡೂ ಕೈಯಿಂದ ಕಿವಿ ಮುಚ್ಚಿ, ತಲೆಯನ್ನು ಮೊಣಕಾಲುಗಳ ನಡುವೆ ಹುದುಗಿಸಿದಳು.

ಮುಂದಿನ ಸೀಟಿನ ಮುದುಕಿ ತಿರುಗಿ ನೋಡಿದಳು. ಜಯಮಾಲಾಳ ಕೈ ಗಾಳಿಯಲ್ಲೇ ನಿಂತಿತ್ತು. ಅವಳು ಅದನ್ನು ಹಿಂದಕ್ಕೆ ತಂದು ತೊಡೆಯ ಮೇಲೆ, ಅಂಗೈ ಮೇಲೆ ಮಾಡಿ ಇಟ್ಟಳು. ತನ್ನದಲ್ಲದ ವಸ್ತುವನ್ನು ಇಟ್ಟ ಹಾಗೆ.

"ಗಾಜ ಎಳೀಲಿಕ್ಕವ್ವ," ಎಂದಳು. "ಗಾಳಿ ಬರಾಕತ್ತೈತಿ ನಿನ್ನ ಕಿವಿಗೆ."

ಬಹಳ ಹೊತ್ತಾದ ಮೇಲೆ ದಾನಿ ತಲೆ ಎತ್ತಿದಳು. ಅಮ್ಮನ ಮುಖ ನೋಡಲಿಲ್ಲ. ಅವಳ ಕಣ್ಣು ಅಮ್ಮನ ಬಲಭುಜದ ಮೇಲಿತ್ತು.

ಜಯಮಾಲಾ ಮೊದಲು ಭುಜ ಎತ್ತಿದಳು. ಎತ್ತಿದ್ದು ಮಗಳಿಗೆ ಕಾಣುವಷ್ಟು ಹೊತ್ತು ಹಾಗೇ ತಡೆದಳು. ಆಮೇಲೆ ಮೊಣಕೈ. ಎಲ್ಲಕ್ಕೂ ಕೊನೆಗೆ ಕೈ ಹೊರಟಿತು. ರಸ್ತೆಯ ಉಬ್ಬಿನ ಮೇಲೆ ಬಸ್ಸು ಎತ್ತಿ ಹಾಕಿದಾಗ ನಿಂತು, ದಾನಿಯ ರೆಪ್ಪೆ ಬಡಿದಾಗ ಮತ್ತೆ ನಿಂತು, ಮಗಳ ಮುಖದ ಮುಂದಿನಿಂದ ಬೆರಳು ಬೆರಳಾಗಿ ಸರಿಯುತ್ತ, ಗಾಜಿನ ತುಕ್ಕು ಹಿಡಿದ ಹಿಡಿಕೆಯ ಕಡೆಗೆ ಹೋಗುತ್ತಿತ್ತು.